‘ನಾಳೆ’ ಅಂದಾಗ ಕಣ್ಣು ತುಂಬಿದ್ದೇಕೆ

ನೀವು ನೋಡುವ ಪ್ರೇಮಕಥೆಯ ಧಾರಾವಾಹಿಯಲ್ಲಿ ಕೊನೇ ಸಲ ಕಣ್ಣಲ್ಲಿ ನೀರು ಬಂದದ್ದು ಯಾವ ಎಪಿಸೋಡಿಗೆ ಅಂತ ಕೇಳಿದರೆ ಥಟ್ಟನೆ ಹೇಳುತ್ತೀರಿ. ಯಾವ ಸೀನು ಅಂದರೂ ಹೇಳುತ್ತೀರಿ. ಯಾವ ಮಾತಿಗೆ, ಯಾವ ಶಾಟಿಗೆ ಅಂತ ಕೇಳಿದರೆ ಮಾತ್ರ ತಡವರಿಸುತ್ತೀರಿ. ‘ಅವಳು ಅತ್ತಳಲ್ಲ, ಆಗ’ ಅನ್ನುತ್ತೀರಿ. ಅದೇ ಸೀನನ್ನು ಮತ್ತೆ ಹಾಕಿ ನೋಡಿ. ಅವಳು ಅಳುವ ಹೊತ್ತಿಗೆ ನೀವು ಅತ್ತಾಗಿರುತ್ತದೆ. ನಿಮ್ಮ ಕಣ್ಣೀರಿಗೆ ಕಾರಣ ಅದಕ್ಕಿಂತ ಹತ್ತು ಹದಿನೈದು ಸೆಕೆಂಡು ಹಿಂದೆ ಎಲ್ಲೋ ಕೂತಿರುತ್ತದೆ. ಇವತ್ತು ಆ ಜಾಗ ಹುಡುಕೋಣ.

ಹೆಸರಾದ ಯಾವುದಾದರೂ ಧಾರಾವಾಹಿಯ ಸೀನು ಎತ್ತಿಕೊಂಡರೆ ನೋಡದವರಿಗೆ ತಲೆಬುಡ ತಿಳಿಯುವುದಿಲ್ಲ, ನೋಡಿದವರು ಪಕ್ಷ ಕಟ್ಟುತ್ತಾರೆ. ಆದ್ದರಿಂದ ಒಂದು ಎಪಿಸೋಡನ್ನು ನಾವೇ ಕಟ್ಟಿಕೊಳ್ಳೋಣ. ಕಥೆ ನಿಮಗೆ ಹಳೇ ಪರಿಚಯದ್ದೇ. ಮನೆಯವರ ಒತ್ತಾಯಕ್ಕೆ ಮದುವೆಯಾದ ಇಬ್ಬರು. ಅವನಿಗೆ ಮಾತು ಕಮ್ಮಿ. ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಮಾತೇ ಇಲ್ಲ. ಹೇಳಬೇಕಾದ್ದನ್ನು ಹಳದಿ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ ಹೋಗುತ್ತಾನೆ. ‘ಇವತ್ತು ಲೇಟಾಗುತ್ತೆ.’ ‘ಊಟಕ್ಕೆ ಕಾಯಬೇಡ.’ ಮೊದಲ ಮೂವತ್ತು ಎಪಿಸೋಡು ಇದೇ. ಈಗ ಇನ್ನೂರಾ ಹತ್ತನೆಯದು. ಅವನಿಗೆ ನನ್ನಿಂದ ಸುಖವಿಲ್ಲ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ಬ್ಯಾಗಿನಲ್ಲಿ ರಾತ್ರಿ ಹನ್ನೊಂದರ ಶಿವಮೊಗ್ಗದ ಬಸ್ ಟಿಕೆಟ್ ಇದೆ. ಅವತ್ತೇ ಅವನಿಗೆ ಜ್ವರ. ಮೆಣಸಿನ ಸಾರು ಮಾಡಿ, ಲೋಟಕ್ಕೆ ಬಗ್ಗಿಸಿ, ಕೈಗೆ ಕೊಡುತ್ತಾಳೆ. ಕಣ್ಣು ಮುಚ್ಚಿಕೊಂಡೇ ಒಂದು ಗುಟುಕು ಕುಡಿದು ಅವನು ಹೇಳುತ್ತಾನೆ: ‘ನಾಳೆ ಉಪ್ಪು ಸ್ವಲ್ಪ ಜಾಸ್ತಿ ಹಾಕು.’

ಅವಳು ‘ಹೂಂ’ ಅನ್ನುತ್ತಾಳೆ. ಅಷ್ಟೇ. ಆಮೇಲೆ ಮಾತ್ರೆ ಡಬ್ಬಿಯ ಮೇಲೆ ಅಂಟಿಸಿದ ಹಳದಿ ಚೀಟಿ ಕಾಣುತ್ತದೆ, ಅವಳ ಅಕ್ಷರದಲ್ಲಿ: ‘ರಾತ್ರಿ ಒಂದು. ಬರೀ ಹೊಟ್ಟೇಲಿ ಬೇಡ.’ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ, ಅವರ ಕಣ್ಣು ಮಂಚದ ಕೆಳಗಿನ ಬ್ಯಾಗಿನ ಮೇಲೆ.

ಎಲ್ಲಿ ಬಂತು ನೀರು? ‘ನಾಳೆ’ ಅನ್ನುವ ಪದಕ್ಕೆ. ನಾಳೆ ಅವಳು ಇರುವುದಿಲ್ಲ. ಅದು ನಮಗೆ ಗೊತ್ತು, ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಅದನ್ನು ಪ್ರೀತಿಯಿಂದಲೂ ಹೇಳಿಲ್ಲ, ಉಪ್ಪಿನ ವಿಷಯಕ್ಕೆ ಹೇಳಿದ. ನಾಳೆ ಬೆಳಗಾಗುತ್ತದೆ ಅನ್ನುವಷ್ಟು ಸಹಜವಾಗಿ ನಾಳೆಯೂ ಅವಳು ಇರುತ್ತಾಳೆ ಅಂದುಕೊಂಡಿದ್ದಾನೆ. ಇನ್ನೂರು ಎಪಿಸೋಡಿನಲ್ಲಿ ಅವನು ಒಮ್ಮೆಯೂ ಹೇಳದಿದ್ದ ಮಾತು ಆ ಒಂದು ಪದದಲ್ಲಿ ಬಾಯಿತಪ್ಪಿ ಬಂದಿದೆ. ಬಂದದ್ದು ಅವನಿಗೇ ಗೊತ್ತಾಗಿಲ್ಲ.

ಇಲ್ಲಿ ಒಂದು ಹಳೇ ಲೆಕ್ಕ ನೆನಪಿಸಬೇಕು. ಧಾರಾವಾಹಿ ನೋಡಿ ಅಳುವವರನ್ನು ಮನೆಯಲ್ಲಿ ಛೇಡಿಸುತ್ತಾರಲ್ಲ, ‘ಯಾರೋ ಸತ್ತರೇನೋ ಅನ್ನೋ ಹಾಗೆ ಅಳ್ತೀಯಲ್ಲ’ ಅಂತ. ಸಾವಿನ ಅಳುವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಭರತಮುನಿ ತನ್ನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲೇ ಬಿಡಿಸಿಟ್ಟಿದ್ದಾನೆ. ಶೋಕದ ರಸವಾದ ಕರುಣದಲ್ಲೂ ಕಣ್ಣೀರಿದೆ, ಅಗಲಿದವರ ಪ್ರೇಮವಾದ ವಿಪ್ರಲಂಭ ಶೃಂಗಾರದಲ್ಲೂ ಇದೆ. ನಿಟ್ಟುಸಿರು, ಚಿಂತೆ, ನಿದ್ದೆಗೇಡು, ಎಲ್ಲ ಎರಡರಲ್ಲೂ ಬರುತ್ತವೆ. ಹಾಗಾದರೆ ಬೇರೆ ಮಾಡುವುದು ಹೇಗೆ? ಕರುಣ ನಿರಪೇಕ್ಷ, ವಿಪ್ರಲಂಭ ಸಾಪೇಕ್ಷ ಅನ್ನುತ್ತಾನೆ. ಕರುಣದಲ್ಲಿ ಇನ್ನು ಎದುರು ನೋಡುವುದಕ್ಕೇನೂ ಉಳಿದಿಲ್ಲ. ವಿಪ್ರಲಂಭದಲ್ಲಿ ಆಸೆ ಬತ್ತಿಲ್ಲ, ಕಾಯುವುದು ಮುಗಿದಿಲ್ಲ. ‘ನಾಳೆ’ ಅನ್ನುವ ಪದ ಅವಳನ್ನು ಚುಚ್ಚಿತು ನಿಜ. ಆದರೆ ಅದೇ ಪದ ನಮ್ಮ ಕಿವಿಯಲ್ಲಿ ‘ಇವನಿಗೆ ಇವಳು ಬೇಕು’ ಅಂತಲೂ ಹೇಳಿತು. ಪ್ರೇಮ ಧಾರಾವಾಹಿಯ ಕಣ್ಣೀರಿನಲ್ಲಿ ಆಸೆ ಯಾವತ್ತೂ ಅರ್ಧದಷ್ಟು ಇದ್ದೇ ಇರಬೇಕು. ಅದು ಖಾಲಿಯಾದ ದಿನ ಜನ ಅಳುವುದಿಲ್ಲ, ಚಾನೆಲ್ ಬದಲಿಸುತ್ತಾರೆ.

‘ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ’ ಅನ್ನುವ ಉಪಾಯವೂ ಟೀವಿಯವರು ಕಂಡುಹಿಡಿದದ್ದಲ್ಲ. ಹರಿಶ್ಚಂದ್ರನ ಕಥೆ ನೆನಪಿಸಿಕೊಳ್ಳಿ. ಸತ್ತ ಮಗನನ್ನು ಎತ್ತಿಕೊಂಡು ಬಂದ ಚಂದ್ರಮತಿಗೆ ಸ್ಮಶಾನ ಕಾಯುವವನು ಯಾರೆಂದು ತಿಳಿಯದು. ರಾಘವಾಂಕನನ್ನು ಗಮಕಿಗಳು ಓದುವಾಗ ಕೂತವರಲ್ಲಿ ಪ್ರತಿಯೊಬ್ಬರಿಗೂ ತಿಳಿದಿರುತ್ತದೆ. ಕಥೆ ಮೊದಲೇ ಗೊತ್ತಿರುವುದು ಅಳುವಿಗೆ ಅಡ್ಡಿಯಲ್ಲ, ಅದೇ ಅದಕ್ಕೆ ಬಂಡವಾಳ. ‘ಮುಂದೇನಾಗುತ್ತೆ ಅಂತ ಗೊತ್ತಿದ್ದೂ ಅಳ್ತೀರಲ್ಲ’ ಅಂತ ಕೇಳುವವರಿಗೆ ಇಷ್ಟು ಉತ್ತರ ಸಾಕು.

ಇನ್ನೊಂದು ವಿಷಯ ನೋಡಿ. ಬ್ಯಾಗು ಜೋಡಿಸುವಾಗ ಅಳು ಬಂದಿಲ್ಲ. ಟಿಕೆಟ್ ತೆಗೆಯುವಾಗ ಬಂದಿಲ್ಲ. ಆಗೆಲ್ಲ ಎದೆ ಬಿಗಿಯಾಗಿತ್ತು, ಅಷ್ಟೆ. 1979ರಲ್ಲಿ ಎಫ್ರಾನ್ ಮತ್ತು ಸ್ಪ್ಯಾಂಗ್ಲರ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಇದರ ಬಗ್ಗೆ ಬರೆದರು. ಹೆಲೆನ್ ಕೆಲ್ಲರ್ ಬಾಲ್ಯದ ಕಥೆಯ ಸಿನಿಮಾ ನೋಡುವಾಗ ದೊಡ್ಡವರು ಅಳುವುದು ಎಲ್ಲಿ ಅಂತ ಹುಡುಕಿದರು. ಅಳು ಎರಡು ಹಂತದ್ದು ಅನ್ನುವುದು ಅವರ ವಾದ. ಮೊದಲು ಬಿಗಿ ಏರುತ್ತದೆ, ಆಮೇಲೆ ಯಾವುದೋ ಒಂದು ಸಣ್ಣ ಕಾರಣಕ್ಕೆ ಅದು ಸಡಿಲುತ್ತದೆ. ನೀರು ಬರುವುದು ಸಡಿಲುವಾಗ. ನಮ್ಮ ಸೀನಿನಲ್ಲಿ ಹದಿನೈದು ನಿಮಿಷದಿಂದ ಬಿಗಿದದ್ದನ್ನು ‘ನಾಳೆ’ ಸಡಿಲಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಕಳಿಸುವಾಗ ಗಟ್ಟಿಯಾಗಿ ನಿಂತವರು ಎಷ್ಟೋ ದಿನದ ಮೇಲೆ ಮಗಳು ಬಾಗಿಲಿಗೆ ಬಂದಾಗ ಅಳುತ್ತಾರಲ್ಲ, ಅದೇ ಕೆಲಸ. ಆದ್ದರಿಂದ ಬರೆಯುವವರು ಎರಡನ್ನೂ ಕೊಡಬೇಕು. ಬರೀ ಕಷ್ಟದ ಮೇಲೆ ಕಷ್ಟ ಪೇರಿಸಿದರೆ ಬಿಗಿ ಏರುತ್ತಲೇ ಹೋಗುತ್ತದೆ. ನೋಡುವವರಿಗೆ ತಲೆನೋವು ಬರುತ್ತದೆ, ಅಳು ಬರುವುದಿಲ್ಲ.

ಚೀಟಿಯ ವಿಷಯಕ್ಕೆ ಬರುತ್ತೇನೆ. ಇವತ್ತೇ ಮೊದಲ ಸಲ ಈ ಎಪಿಸೋಡು ನೋಡುವವರಿಗೆ ಆ ಚೀಟಿ ಬರೀ ಚೀಟಿ. ಮೊದಲಿನಿಂದ ನೋಡಿದವರಿಗೆ ಅದು ಅವನ ಭಾಷೆ. ಮಾತು ಬೇಡವಾದಾಗ ಅವನು ಬಳಸಿದ್ದನ್ನು ಅವಳು ಹೋಗುವ ಮುಂಚೆ ಅಕ್ಕರೆಗೆ ಬಳಸಿದಳು. ಒಳ್ಳೆಯ ಪ್ರೇಮಕಥೆಗಳಲ್ಲಿ ಇಂಥ ಒಂದು ವಸ್ತು ಇರುತ್ತದೆ. ಕೊಡೆ, ಬಳೆ, ಕಾಫಿ ಲೋಟ, ಸೀರೆಯ ಅಂಚಿನ ದಾರ, ಏನು ಬೇಕಾದರೂ ಆದೀತು. ಅದು ಕನಿಷ್ಠ ಮೂರು ಸಲ ಬರಬೇಕು, ಮೂರು ಸಲವೂ ಬೇರೆ ಬೇರೆ ಅರ್ಥಕ್ಕೆ ಬರಬೇಕು. ಹತ್ತು ಸಲ ಒಂದೇ ಅರ್ಥಕ್ಕೆ ಬಂದರೆ ಅದು ಜಾಹೀರಾತಾಗುತ್ತದೆ.

ಈ ‘ಮೊದಲಿನಿಂದ ನೋಡಿದವರು’ ಅನ್ನುವ ಮಾತಿಗೆ ಸ್ವಲ್ಪ ಲೆಕ್ಕ ಹಾಕೋಣ. ನಮ್ಮಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿ ಇದೆ, ಚಾನೆಲ್‌ನವರ ಸ್ವಂತ ಪ್ರಚಾರವೂ ಸೇರಿ. ಅರ್ಧ ಗಂಟೆಯ ಸ್ಲಾಟಿನಲ್ಲಿ 6 ನಿಮಿಷ ಅದಕ್ಕೆ ಹೋದರೆ 24 ಉಳಿಯಿತು. ಟೈಟಲ್ಲು, ಹಿಂದಿನ ದಿನದ ರೀಕ್ಯಾಪು ಕಳೆದರೆ 22 ನಿಮಿಷದ ಕಥೆ ಅಂದುಕೊಳ್ಳಿ. ವಾರಕ್ಕೆ ಐದು ದಿನ, ವರ್ಷಕ್ಕೆ 260 ಎಪಿಸೋಡು, 95 ಗಂಟೆ. ಎರಡೂವರೆ ಗಂಟೆಯ ಸಿನಿಮಾದ ಲೆಕ್ಕದಲ್ಲಿ 38 ಸಿನಿಮಾ. ಒಬ್ಬನೇ ನಾಯಕ, ಒಬ್ಬಳೇ ನಾಯಕಿ, ಒಂದೇ ಮನೆ. ಅದೂ ದಿನಾ ಅದೇ ಹೊತ್ತಿಗೆ, ಅನ್ನಕ್ಕಿಡುವ ಸಮಯಕ್ಕೆ, ನಮ್ಮ ನಡುಮನೆಯಲ್ಲಿ. ನೆಂಟರಲ್ಲಿ ಎಷ್ಟು ಜನರ ಮುಖವನ್ನು ವರ್ಷಕ್ಕೆ 95 ಗಂಟೆ ನೋಡುತ್ತೇವೆ?

ಇದಕ್ಕೆ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಸಂಶೋಧಕರು 1956ರಲ್ಲೇ ‘ಪ್ಯಾರಾಸೋಶಿಯಲ್’ ಅಂತ ಹೆಸರಿಟ್ಟರು. ಒಂದೇ ಕಡೆಯಿಂದ ನಡೆಯುವ ನಂಟು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಕನ್ನಡದಲ್ಲಿ ಅದನ್ನು ಎದುರುಮನೆ ನಂಟು ಅನ್ನಬಹುದೇನೋ: ಕಿಟಕಿಯಿಂದ ದಿನಾ ನೋಡುತ್ತೇವೆ, ಕರೆದು ಮಾತಾಡಿಸಿಲ್ಲ. ಹಾರ್ಟನ್ ಮತ್ತು ವೋಲ್ ಆ ಮಾತು ಹೇಳಿದ್ದು ಮುಖ್ಯವಾಗಿ ಕ್ಯಾಮೆರಾ ನೋಡಿ ನೇರವಾಗಿ ಮಾತಾಡುವ ನಿರೂಪಕರ ಬಗ್ಗೆ. ಧಾರಾವಾಹಿಯ ಪಾತ್ರಗಳು ನಮ್ಮ ಕಡೆ ನೋಡುವುದೇ ಇಲ್ಲ. ಆದರೂ ದಾರಿ ಮಾಡಿಕೊಂಡವರಿದ್ದಾರೆ. 1984ರ ಜುಲೈಯಲ್ಲಿ ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’ನ ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನೋಡುಗರ ಜೊತೆ ಮಾತಾಡುತ್ತಿದ್ದರು. ಆ ಧಾರಾವಾಹಿಗೆ ಸುಮಾರು 4 ಲಕ್ಷ ಪತ್ರ ಬಂದಿದ್ದವು. 2020ರಲ್ಲಿ ಶುರುವಾದ ‘ಕನ್ನಡತಿ’ಯಲ್ಲಿ ಕನ್ನಡ ಟೀಚರ್ ಪಾತ್ರ ಮಾಡಿದ ರಂಜನಿ ರಾಘವನ್, ಎಪಿಸೋಡಿನ ಕೊನೆಗೆ ಕನ್ನಡದ ಪದಗಳ ಬಗ್ಗೆ ನೋಡುಗರಿಗೇ ಹೇಳುತ್ತಿದ್ದರು. ಕಥೆಗೂ ಅದಕ್ಕೂ ಸಂಬಂಧವಿಲ್ಲ ಅನ್ನಿಸಬಹುದು. ಇದೆ. ಹಾಗೆ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು ಮರುದಿನ ಕಥೆಯೊಳಗೆ ನೋವು ತಿಂದರೆ ಅದು ಪರಿಚಯದವರ ನೋವಾಗಿರುತ್ತದೆ.

ಮುಖ ಬದಲಾದಾಗ ಈ ನಂಟು ಎಷ್ಟು ಗಟ್ಟಿ ಅಂತ ತಿಳಿಯುತ್ತದೆ. ‘ಜೊತೆ ಜೊತೆಯಲಿ’ಯ ಆರ್ಯವರ್ಧನ್ ಪಾತ್ರದಿಂದ 2022ರಲ್ಲಿ ಅನಿರುದ್ಧ ಹೊರಬಂದು ಹರೀಶ್ ರಾಜ್ ಬಂದರು. ಇಬ್ಬರೂ ಪಳಗಿದ ನಟರು, ಅಭಿನಯದ ಹೋಲಿಕೆ ನಾನು ಮಾಡುತ್ತಿಲ್ಲ. ಕಥೆ ಮುಂದುವರಿಯಿತು. ಆದರೆ ನೋಡುಗರ ಎದೆಯಲ್ಲಿದ್ದದ್ದು ಬರೀ ಕಥೆಯಲ್ಲ. ಒಂದು ದನಿ, ನಿಲ್ಲುವ ಒಂದು ಭಂಗಿ, ನಗುವ ಮುಂಚಿನ ಅರೆಗಳಿಗೆ. ಆ 95 ಗಂಟೆ ಹೊಸ ಮುಖಕ್ಕೆ ವರ್ಗಾವಣೆ ಆಗುವುದಿಲ್ಲ. ಹೊಸಬರು ಸೊನ್ನೆಯಿಂದ ಗಳಿಸಬೇಕು.

ಈಗ ಆ ಸೀನನ್ನು ತೆಗೆಯುವ ಕೆಲಸಕ್ಕೆ ಬರೋಣ. ಒಟ್ಟು ಎಪ್ಪತ್ತು ಸೆಕೆಂಡಿನ ಸೀನು. ನಾಯಕನ ಮಾತು ಬರುವಾಗ ಕ್ಯಾಮೆರಾ ಯಾರ ಮೇಲಿರಬೇಕು? ಅನುಭವ ಕಮ್ಮಿ ಇರುವವರು ಮಾತಾಡುವವನ ಮೇಲೆ ಇಡುತ್ತಾರೆ. ಹಾಗಿಟ್ಟರೆ ‘ನಾಳೆ ಉಪ್ಪು ಜಾಸ್ತಿ ಹಾಕು’ ಅನ್ನುವುದು ಅಡುಗೆಯ ಸೂಚನೆಯಾಗಿ ಮುಗಿಯುತ್ತದೆ. ಕ್ಯಾಮೆರಾ ಅವಳ ಮೇಲಿರಬೇಕು. ಮಾತು ಹೊರಗಿನಿಂದ ಕೇಳಬೇಕು, ಅದು ತಾಗುವುದು ಕಾಣಬೇಕು. ಆಮೇಲೆ ಸುಮಾರು ನಾಲ್ಕು ಸೆಕೆಂಡು ಏನೂ ಆಗಬಾರದು. ಫ್ಯಾನಿನ ಸದ್ದು ಸಾಕು. ನಾಲ್ಕು ಸೆಕೆಂಡು ಅಂದರೆ ಕೇಳುವುದಕ್ಕೆ ಕಮ್ಮಿ, ಎಡಿಟಿಂಗ್ ಟೇಬಲ್ಲಿನಲ್ಲಿ ಕೂತರೆ ಒಂದು ಯುಗ. ಕತ್ತರಿಸುವುದಕ್ಕೆ ಕೈ ತುರಿಸುತ್ತದೆ. ಆದರೆ ಆ ನಾಲ್ಕು ಸೆಕೆಂಡಿನಲ್ಲಿ ನೋಡುವವರು ಟಿಕೆಟ್ಟು, ಬ್ಯಾಗು, ಹನ್ನೊಂದರ ಬಸ್ಸು, ಇನ್ನೂರು ಎಪಿಸೋಡು, ಎಲ್ಲವನ್ನೂ ತಾವೇ ಸೇರಿಸಿಕೊಳ್ಳುತ್ತಾರೆ. ಆಮೇಲೆ ‘ಹೂಂ’. ಆಮೇಲೆ ಚೀಟಿ, ಮೂರು ಸೆಕೆಂಡು. ಎರಡೂ ಸಾಲು ನಿಧಾನಕ್ಕೆ ಓದಿ ಮುಗಿಯುವಷ್ಟು. ಓದಿ ಮುಗಿಯುವ ಮುಂಚೆ ಕತ್ತರಿಸಿದರೆ ಮನೆಯಲ್ಲಿ ‘ಏನ್ ಬರ್ದಿತ್ತು? ಏನ್ ಬರ್ದಿತ್ತು?’ ಅಂತ ಶುರುವಾಗುತ್ತದೆ, ಅಳು ಹೋಯಿತು. ಬಾಗಿಲಲ್ಲಿ ಅತ್ತೆ ಎರಡು ಸೆಕೆಂಡು. ಆಗ, ಆಗ ಮಾತ್ರ, ಒಂಟಿ ಕೊಳಲಿನಲ್ಲಿ ಥೀಮ್ ಬರಬೇಕು.

ಕೊಳಲು ಎರಡು ಸೆಕೆಂಡು ಮುಂಚೆ ಬಂದರೆ ಏನಾಗುತ್ತದೆ? ‘ಈಗ ಅಳಿ’ ಅಂತ ಬೆಲ್ ಹೊಡೆದ ಹಾಗಾಗುತ್ತದೆ. ನೋಡುವವರು ಪೆದ್ದರಲ್ಲ. ದಿನಾ ನೋಡುವವರ ಕಿವಿ ಬಿಜಿಎಂನ ಮೊದಲ ಸ್ವರಕ್ಕೇ ಎಚ್ಚರವಾಗುತ್ತದೆ, ಎಚ್ಚರವಾದ ಮನಸ್ಸು ಬಿಗಿಯಾಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಮನಸ್ಸಿನ ಮಾತು. ಬಾಯಿ ಮುಚ್ಚಿದೆ, ಹಿನ್ನೆಲೆಯಲ್ಲಿ ಅವಳದೇ ದನಿ: ‘ನಾಳೆ ನಾನಿರೋದೇ ಇಲ್ಲ, ಇವರಿಗೆ ಗೊತ್ತೇ ಇಲ್ಲ.’ ಯಾಕೆ ಬೇಕಿತ್ತು ಅದು? ಅಡುಗೆ ಮಾಡುತ್ತಾ, ಬೆನ್ನು ಹಾಕಿ ಕೇಳಿಸಿಕೊಳ್ಳುವವರಿಗೂ ತಿಳಿಯಲಿ ಅಂತ ಹಾಕುತ್ತಾರೆ. ಕಾರಣ ಸುಳ್ಳಲ್ಲ, ಎಷ್ಟೋ ಜನ ಧಾರಾವಾಹಿಯನ್ನು ರೇಡಿಯೋ ತರಹ ಕೇಳುತ್ತಾರೆ. ಆದರೆ ಲೆಕ್ಕ ಕೂಡಿಸುವ ಕೆಲಸ ನಮ್ಮದಾಗಿತ್ತು, ಅದನ್ನು ಕಿತ್ತುಕೊಂಡ ಹಾಗಾಯಿತು. ಉಳಿದದ್ದು ಮಾಹಿತಿ.

ಮತ್ತೆ ಮನೆಮಂದಿಯ ಮುಖಗಳು. ಒಂದು ಸುದ್ದಿ ಸ್ಫೋಟವಾದರೆ ನಡುಮನೆಯಲ್ಲಿ ನಿಂತ ಏಳು ಜನಕ್ಕೂ ಒಂದೊಂದು ಕ್ಲೋಸಪ್, ಒಬ್ಬೊಬ್ಬರಿಗೆ ಮೂರು ಸೆಕೆಂಡು, ಒಟ್ಟು ಇಪ್ಪತ್ತೊಂದು. ಅದರ ಮೇಲೆ ಅದೇ ಮುಖಕ್ಕೆ ಮೂರು ಸಲ ಜೂಮ್, ಸಿಡಿಲು. ಇದನ್ನು ನೋಡಿ ನಗುವವರು ಒಂದು ವಿಷಯ ತಿಳಿದಿರಬೇಕು. ಮುಖಕ್ಕೆ ಮುಖ ಜೋಡಿಸುವುದು ಸಿನಿಮಾದ ಮೂಲವಿದ್ಯೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಹೆಣ್ಣಿನ ಜೊತೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವಂತೆ. ನಮ್ಮ ಸೀನಿನ ಅತ್ತೆಯ ಮುಖಕ್ಕೂ ಅದೇ ಅನ್ವಯ. ಅವರು ಏನೂ ಮಾಡಬೇಕಿಲ್ಲ. ಚೀಟಿಯ ನಂತರ ಬರುವ ಸುಮ್ಮನೆ ನಿಂತ ಮುಖ ತಾನೇ ತುಂಬಿಕೊಳ್ಳುತ್ತದೆ. ಒಂದು ಮುಖ ಸಾಕು. ಏಳು ಮುಖ ಬಂದರೆ ಒಂದರಲ್ಲೂ ನಿಲ್ಲದೆ ಸೋರಿಹೋಗುತ್ತದೆ.

ಗ್ಲಿಸರಿನ್ ಬಗ್ಗೆ ಸಣ್ಣದೊಂದು ಮಾತು. ಮನಸ್ಸು ಕಲಕಿದಾಗ ಮೈಯಲ್ಲಿ ತಾನಾಗಿ ಕಾಣುವ ಸಾತ್ವಿಕ ಭಾವಗಳು ಎಂಟು: ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಎಚ್ಚರ ತಪ್ಪುವುದು). ಬಾಟಲಿಯಲ್ಲಿ ಸಿಗುವುದು ಇದರಲ್ಲಿ ಅಶ್ರು ಮಾತ್ರ. ದನಿ ಒಡೆಯುವುದು ಬಾಟಲಿಯಲ್ಲಿ ಸಿಗುವುದಿಲ್ಲ. ಆ ‘ಹೂಂ’ ಇದೆಯಲ್ಲ, ಅದರ ಕೊನೆಯಲ್ಲಿ ಗಾಳಿ ಸ್ವಲ್ಪ ಕಮ್ಮಿಯಾಗಬೇಕು. ಒಳ್ಳೇ ನಟಿ ಅಷ್ಟು ಮಾಡಿ ಕಣ್ಣು ಒಣದಾಗಿಯೇ ಇಟ್ಟುಕೊಳ್ಳುತ್ತಾಳೆ. ಪಾತ್ರ ಅಳು ತಡೆದಷ್ಟೂ ನೋಡುವವರು ತಡೆಯಲಾರರು. ದಿನಕ್ಕೆ ಹೆಚ್ಚುಕಮ್ಮಿ ಒಂದು ಎಪಿಸೋಡಿನಷ್ಟು ಶೂಟ್ ಮುಗಿಸಬೇಕಾದ ಸೆಟ್ಟಿನಲ್ಲಿ, ರಾತ್ರಿ ಎಂಟರ ಹೊತ್ತಿಗೆ, ಆರೇಳು ಸೀನು ಆದಮೇಲೆ ಇದನ್ನು ತೆಗೆಯುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಆ ಹೊತ್ತಿಗೆ ಗ್ಲಿಸರಿನ್ ಕೇಳಿದವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಅಳು ಕೆಡುವುದು ಪ್ರೋಮೋದಿಂದ. ಮಧ್ಯಾಹ್ನವೇ ಮೂವತ್ತು ಸೆಕೆಂಡಿನ ಪ್ರೋಮೋದಲ್ಲಿ ಚೀಟಿ ತೋರಿಸಿಬಿಟ್ಟರೆ ರಾತ್ರಿ ನೋಡುವಾಗ ‘ಆ ಚೀಟಿ ಯಾವಾಗ ಬರುತ್ತೆ’ ಅಂತ ಕಾಯುವುದೇ ಆಗುತ್ತದೆ. ಕಥೆ ಗೊತ್ತಿರುವುದು ಬಂಡವಾಳ ಅಂತ ಈಗಷ್ಟೇ ಹೇಳಿದೆ, ಇದು ಅದಕ್ಕೆ ವಿರುದ್ಧ ಅಲ್ಲವಾ ಅಂತ ಕೇಳಬಹುದು. ಅಲ್ಲ. ಅವಳು ಹೋಗುತ್ತಾಳೆ ಅನ್ನುವುದು ಗೊತ್ತಿರಬೇಕು; ಅದನ್ನು ಪ್ರೋಮೋ ಎಷ್ಟು ಬೇಕಾದರೂ ಹೇಳಲಿ. ಬಿಗಿಯನ್ನು ಸಡಿಲಿಸುವ ಸಣ್ಣ ವಸ್ತು ಮಾತ್ರ ಅನಿರೀಕ್ಷಿತವಾಗಿ ಬರಬೇಕು.

ಸರಿ, ಅಳು ಕೋಪವಾಗುವುದು ಯಾವಾಗ? ಅಭಿಮಾನಿಗಳ ಸಿಟ್ಟು ನಿಮಗೆ ಗೊತ್ತೇ ಇದೆ, ನಿಮ್ಮಲ್ಲೇ ಕೆಲವರು ತೋರಿಸಿರುತ್ತೀರಿ. ನಾಳೆಯ ಎಪಿಸೋಡಿನಲ್ಲಿ ಅವಳು ಬಸ್ಸು ಹತ್ತುತ್ತಾಳೆ, ಅವನಿಗೆ ಬೆಳಿಗ್ಗೆ ಚೀಟಿ ಸಿಗುತ್ತದೆ ಅನ್ನಿ. ಅವನ ಕೈಯಲ್ಲಿ ಮೊಬೈಲಿದೆ, ಅವಳ ನಂಬರಿದೆ. ಒಂದು ಫೋನು ಮಾಡಿದರೆ ಮುಗಿಯುವ ವಿಷಯ. ಮಾಡುವುದಿಲ್ಲ. ಆರು ವಾರ ಮಾಡುವುದಿಲ್ಲ. ಯಾಕೆ ಮಾಡಲಿಲ್ಲ ಅನ್ನುವುದಕ್ಕೆ ಅವನ ಸ್ವಭಾವದಲ್ಲಿ ಕಾರಣವಿದ್ದರೆ ನಾವು ಕಾಯುತ್ತೇವೆ. ‘ಕರೆದರೆ ಬಂದಾಳು, ಆದರೆ ನನಗೋಸ್ಕರ ಬಂದಳಾ ಕರುಣೆಗೆ ಬಂದಳಾ ಅಂತ ಗೊತ್ತಾಗಲ್ಲ’ ಅಂತ ಅವನು ಒಂದೇ ಒಂದು ಸಲ ತಂಗಿಯ ಹತ್ತಿರ ಅಂದರೂ ಸಾಕು, ಆರು ವಾರ ತಡೆದುಕೊಳ್ಳುತ್ತೇವೆ. ಬದಲಿಗೆ ಮೊಬೈಲು ನೀರಿಗೆ ಬೀಳುತ್ತದೆ. ಮರುವಾರ ಇನ್ನೊಂದು ಮೊಬೈಲನ್ನು ವಿಲನ್ ಅತ್ತಿಗೆ ಸ್ವಿಚ್ ಆಫ್ ಮಾಡುತ್ತಾಳೆ. ಆಗ ಆಸೆಯೂ ಇಲ್ಲ, ಕರುಣೆಯೂ ಇಲ್ಲ, ರಿಮೋಟು.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನ ಹೇಳುತ್ತಾನೆ. ಮೊದಲನೆಯದೇ ಇದು: ‘ಹೀಗಾಗುವುದುಂಟೇ’ ಅನ್ನಿಸುವುದು, ಸಂಭಾವನೆ, ಅಂದರೆ ಹೀಗೂ ಆಗಬಹುದು ಅನ್ನುವ ನಂಬಿಕೆ, ಇಲ್ಲದಿರುವುದು. ಇನ್ನೊಂದು ವಿಘ್ನ ಟೀವಿಗೆಂದೇ ಬರೆದ ಹಾಗಿದೆ: ತನ್ನದೇ ಸುಖದುಃಖದಲ್ಲಿ ಮುಳುಗಿರುವುದು. ಕುಕ್ಕರು ಕೂಗುತ್ತಿದೆ, ಹುಡುಗ ಹೋಮ್‌ವರ್ಕ್ ಮಾಡಿಲ್ಲ, ಇಎಂಐ ಮೆಸೇಜು ಬಂದಿದೆ. ಇದಕ್ಕೆ ಮದ್ದು ವಾದ್ಯ, ಗಾನ, ಚೆಂದದ ರಂಗಮಂಟಪ ಅನ್ನುತ್ತಾನೆ. ನಮ್ಮ ಟೈಟಲ್ ಸಾಂಗು ಮಾಡುವುದು ಆ ಕೆಲಸವನ್ನೇ. ನಾಲ್ಕು ಸಾಲು ಹಾಡಿ ನಮ್ಮನ್ನು ನಮ್ಮ ಮನೆಯಿಂದ ಅವರ ಮನೆಗೆ ದಾಟಿಸುತ್ತದೆ. ಜಾಹೀರಾತಿಗೆ ಜಾಗ ಬೇಕು ಅಂತ ಅದನ್ನು ಐದು ಸೆಕೆಂಡಿಗೆ ಕತ್ತರಿಸಿದವರು ಸೇತುವೆಯ ಕಲ್ಲು ಕಿತ್ತರು ಅಂತ ನನ್ನ ಅಭಿಪ್ರಾಯ.

ಸಂಭಾವನೆ ಅಂದರೆ ನಿಜಜೀವನದ ಹಾಗೇ ಇರಬೇಕು ಅಂತಲ್ಲ. ಮಲಗುವಾಗಲೂ ರೇಷ್ಮೆ ಸೀರೆ, ಮೈತುಂಬ ಒಡವೆ, ನಡುಮನೆಯಿಂದ ಮಹಡಿಗೆ ಎರಡು ಕಡೆ ಮೆಟ್ಟಿಲು, ಇದನ್ನೆಲ್ಲ ಯಾರೂ ಪ್ರಶ್ನಿಸುವುದಿಲ್ಲ. ಡಚ್ ವಿದ್ವಾಂಸೆ ಇಯೆನ್ ಆಂಗ್ 1980ರ ದಶಕದ ಆರಂಭದಲ್ಲಿ ‘ಡಲ್ಲಾಸ್’ ಅನ್ನುವ ಅಮೆರಿಕದ ಧಾರಾವಾಹಿಯ ಬಗ್ಗೆ ನೋಡುಗರ ಅಭಿಪ್ರಾಯ ಕೇಳಿ ಒಂದು ಮಹಿಳಾ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಳು. 42 ಪತ್ರ ಬಂದವು. ಎಣ್ಣೆ ಬಾವಿಯ ಕೋಟ್ಯಧೀಶರ ಮನೆ, ಬರೆದವರು ಹಾಲೆಂಡಿನ ಸಾಮಾನ್ಯರು. ಹಲವರಿಗೆ ಅದು ‘ನಿಜ’ ಅನ್ನಿಸಿತ್ತು. ಮನೆ ನಿಜವಲ್ಲ, ದುಡ್ಡು ನಿಜವಲ್ಲ, ಆದರೆ ಜಗಳ ನಿಜ, ಒಂಟಿತನ ನಿಜ. ಅದನ್ನು ಆಕೆ ಭಾವದ ವಾಸ್ತವ ಅಂತ ಕರೆದಳು. ನಮ್ಮ ನೋಡುಗರ ಕರಾರೂ ಇದೇ. ಸೀರೆಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಿ, ‘ಹೂಂ’ನಲ್ಲಿ ಹೇಳಬೇಡಿ.

ಹಾಗಾದರೆ ಬರೆಯುವವರಿಗೆ ಇದು ಗೊತ್ತಿಲ್ಲವಾ? ಗೊತ್ತಿರುತ್ತದೆ. ಟೀವಿ ರೇಟಿಂಗ್ ಅಳೆಯುವ ಬಾರ್ಕ್‌ನ ವಾರದ ಅಂಕಿ ಗುರುವಾರ ಬರುತ್ತದೆ. ಅವಳು ಮನೆ ಬಿಟ್ಟ ವಾರ ರೇಟಿಂಗ್ ಏರಿದರೆ, ಮರಳಿ ಬರುವುದನ್ನು ಮುಂದೂಡಿ ಅಂತ ಹೇಳಿಕೆ ಬರುತ್ತದೆ. ಮೂರು ವಾರಕ್ಕೆ ಬರೆದ ಟ್ರ್ಯಾಕನ್ನು ಎಂಟು ವಾರಕ್ಕೆ ಎಳೆಯಬೇಕು. ಆಗ ಹೊರಬರುತ್ತದೆ ನೀರಿಗೆ ಬೀಳುವ ಮೊಬೈಲು. ಎಳೆದದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಎಳೆದು ಎಳೆದು, ಕೊನೆಗೆ ಅವರಿಬ್ಬರು ಸೇರುವ ಸೀನಿಗೆ ಒಂದೂವರೆ ನಿಮಿಷ ಕೊಡುವುದು. ಎಂಟು ವಾರ ಬಿಗಿದದ್ದನ್ನು ಸಡಿಲಿಸುವುದಕ್ಕೆ ಇಡೀ ಒಂದು ಎಪಿಸೋಡಾದರೂ ಬೇಡವೇ? ಅಭಿಮಾನಿಗೆ ಮೋಸವಾಯಿತು ಅನ್ನಿಸುವುದು ಅಲ್ಲಿ.

ಇದನ್ನೂ ಹೇಳಿಬಿಡುತ್ತೇನೆ. ಅವನು ಅವಳ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗುವ ಶಾಟಿಗೂ ಅದೇ ಕೊಳಲು, ಅದೇ ಸ್ಲೋ ಮೋಷನ್ ಹಾಕುತ್ತಾರೆ. ಸಂಗೀತ ಪ್ರೀತಿ ಅನ್ನುತ್ತದೆ, ಚಿತ್ರ ಬೇರೇನೋ ಅನ್ನುತ್ತದೆ. ಟೀವಿಯ ಸದ್ದು ತೆಗೆದು ನೋಡಿ, ಯಾವುದು ನಿಜ ಅಂತ ಗೊತ್ತಾಗುತ್ತದೆ.

ಸದ್ದು ತೆಗೆದು ಅಂದೆ. ಮನೆಯಲ್ಲಿ ಮಾಡಿ ನೋಡುವುದಕ್ಕೆ ಒಂದು ಕ್ರಮ ಹೇಳುತ್ತೇನೆ. ನಿಮ್ಮನ್ನು ಅಳಿಸಿದ ಎಪಿಸೋಡನ್ನು ಮರುದಿನ ಆ್ಯಪಿನಲ್ಲಿ ತೆರೆಯಿರಿ. ಅದೇ ರಾತ್ರಿ ಬೇಡ, ಮನಸ್ಸು ಇನ್ನೂ ಒದ್ದೆಯಾಗಿರುತ್ತದೆ. ಮೊದಲು ಆ ಸೀನಿಗಿಂತ ಮೂರು ನಿಮಿಷ ಹಿಂದಿನಿಂದ ಪೂರ್ತಿ ಸದ್ದಿನಲ್ಲಿ ನೋಡಿ, ಗಂಟಲು ಬಿಗಿಯಾದ ಕ್ಷಣದಲ್ಲಿ ನಿಲ್ಲಿಸಿ, ಕೆಳಗೆ ತೋರಿಸುವ ನಿಮಿಷ ಸೆಕೆಂಡು ಬರೆದುಕೊಳ್ಳಿ. ಆಮೇಲೆ ಮ್ಯೂಟ್ ಮಾಡಿ ನೋಡಿ. ಅದೇ ಜಾಗದಲ್ಲಿ ಏನಾದರೂ ಆಯಿತಾ? ಆದರೆ ಅದು ನಟರದ್ದು, ಇಲ್ಲವೇ ಎಡಿಟರದ್ದು. ಮೂರನೇ ಸಲ ಫೋನು ಮಗುಚಿಟ್ಟು ಬರೀ ಕೇಳಿ. ಆಗ ಮಾತ್ರ ಆಯಿತು ಅಂದರೆ ಅರ್ಧ ಪುಣ್ಯ ಸಂಗೀತದವರದ್ದು. ಎರಡರಲ್ಲೂ ಏನೂ ಆಗದೆ ಪೂರ್ತಿ ನೋಡಿದಾಗ ಮಾತ್ರ ಆದರೆ, ಆ ಸೀನು ಗಟ್ಟಿಯಾಗಿ ಹೆಣೆದದ್ದು. ಎಲ್ಲೂ ಏನೂ ಆಗಲಿಲ್ಲವೋ, ನಿನ್ನೆ ಅತ್ತದ್ದು ಎಪಿಸೋಡಿಗಲ್ಲ. ನಿನ್ನೆ ನಿಮ್ಮ ದಿನ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ಅದೂ ತಪ್ಪಲ್ಲ, ಅಳುವುದಕ್ಕೆ ಒಂದು ನೆವ ಬೇಕಿತ್ತು, ಸಿಕ್ಕಿತು.

ನಿಮ್ಮಲ್ಲೊಬ್ಬರಿಂದ ಒಂದು ಪ್ರಶ್ನೆ ಚೀಟಿಯಲ್ಲಿ ಬಂದಿದೆ, ಹಳದಿಯದೇ: ‘ನಾನು ಆ್ಯಪಿನಲ್ಲಿ ಒಂದೂವರೆ ಸ್ಪೀಡಿನಲ್ಲಿ ನೋಡುತ್ತೇನೆ. ಕಥೆ ಎಲ್ಲ ಅರ್ಥವಾಗುತ್ತದೆ, ಅಳು ಬರುವುದಿಲ್ಲ. ಯಾಕೆ?’

ಲೆಕ್ಕ ನೋಡಿ. ನಾಲ್ಕು ಸೆಕೆಂಡಿನ ಮೌನ ಒಂದೂವರೆ ಸ್ಪೀಡಿನಲ್ಲಿ ಎರಡು ಮುಕ್ಕಾಲು ಸೆಕೆಂಡಿಗೂ ಕಮ್ಮಿಯಾಯಿತು. ಬಸ್ಸು, ಬ್ಯಾಗು, ಟಿಕೆಟ್ಟು ಕೂಡಿಸಿಕೊಳ್ಳುವಷ್ಟರಲ್ಲಿ ‘ಹೂಂ’ ಬಂದುಬಿಡುತ್ತದೆ. ಆ ‘ಹೂಂ’ನ ಕೊನೆಯ ಗಾಳಿಯನ್ನು ಮೆಷಿನ್ನು ನುಂಗಿರುತ್ತದೆ. ಚೀಟಿ ಎರಡು ಸೆಕೆಂಡು. ಮಾತು ಬೇಗ ಹೇಳಿದರೂ ಅರ್ಥವಾಗುತ್ತದೆ, ಸುಮ್ಮನಿರುವುದನ್ನು ಬೇಗ ಮಾಡುವುದಕ್ಕಾಗುವುದಿಲ್ಲ. ನಡುಮನೆಯ ಏಳು ಮುಖಗಳು ಬಂದಾಗ ಧಾರಾಳವಾಗಿ ಎರಡರ ಸ್ಪೀಡಿಗೆ ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಬ್ಬರೇ ಇರುವ ಕೋಣೆ, ಮಾತು ನಿಂತಿದೆ, ಫ್ಯಾನಿನ ಸದ್ದು ಕೇಳುತ್ತಿದೆ ಅಂದಾಗ ಒಂದಕ್ಕೆ ಇಳಿಸಿ.